ಗುರುಮಠಕಲ್ ಯಾವ ಜಿಲ್ಲೆ, ‘ಪಾರ್ಲೆ’ ಯಾರ ಕಂಪನಿ? ಬರೀ ಹೆಸರು ನೋಡಿ ಲೆಕ್ಕ ಹಾಕಿದರೆ ಎಲ್ಲಿ ತಪ್ಪುತ್ತದೆ

‘ಗುಲಬರ್ಗಾ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 31.3 ಲಕ್ಷ ಇತ್ತು. 2011ರಲ್ಲಿ 25.7 ಲಕ್ಷಕ್ಕೆ ಇಳಿದಿದೆ. ಹತ್ತೇ ವರ್ಷದಲ್ಲಿ 5.6 ಲಕ್ಷ ಜನ ಎಲ್ಲಿ ಹೋದರು?’

ಇಂಥ ಒಂದು ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಬಂತು ಎಂದುಕೊಳ್ಳಿ. ಅದರಲ್ಲಿರುವ ಎರಡೂ ಅಂಕಿಗಳು ಜನಗಣತಿಯವೇ, ಎರಡೂ ಸರಿ. ಆದರೆ ಸಂದೇಶ ಮಾತ್ರ ಪೂರ್ತಿ ತಪ್ಪು. 2001ರ ಗುಲಬರ್ಗಾ ಜಿಲ್ಲೆಯೊಳಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳೂ ಇದ್ದವು. 2011ರ ಜನಗಣತಿಯ ಹೊತ್ತಿಗೆ ಅವು ಯಾದಗಿರಿ ಎಂಬ ಪ್ರತ್ಯೇಕ ಜಿಲ್ಲೆಯಾಗಿದ್ದವು. ಆ ಹೊಸ ಜಿಲ್ಲೆಯ ಜನಸಂಖ್ಯೆ 11.7 ಲಕ್ಷ. ಎರಡನ್ನೂ ಕೂಡಿಸಿದರೆ 37.4 ಲಕ್ಷ. ಅಂದರೆ ಅದೇ ನೆಲದ ಜನಸಂಖ್ಯೆ ಕುಸಿದಿಲ್ಲ, ಸುಮಾರು 6.1 ಲಕ್ಷ ಏರಿದೆ.

ಇಲ್ಲಿ ಯಾರೂ ಸುಳ್ಳು ಅಂಕಿ ಹುಟ್ಟಿಸಿಲ್ಲ. ‘ಗುಲಬರ್ಗಾ ಜಿಲ್ಲೆ’ ಎಂಬ ಹೆಸರು ಎರಡು ಕಡೆ ಕಂಡಿತು, ಎರಡೂ ಒಂದೇ ಎಂದು ಹೋಲಿಸಲಾಯಿತು. ತಪ್ಪಾಗಿದ್ದು ಅಷ್ಟೇ. ಊರುಗಳ ವಿಷಯದಲ್ಲಿ ಆಗುವ ಈ ತಪ್ಪೇ ಕಂಪನಿ, ಬ್ಯಾಂಕು, ಬ್ರ್ಯಾಂಡ್‌ಗಳ ವಿಷಯದಲ್ಲೂ ಆಗುತ್ತದೆ. ‘ಇದು ಚೀನಾ ಮಾಲು’, ‘ಇದು ನಮ್ಮ ದೇಶದ ಕಂಪನಿ’, ‘ಇದು ನಮ್ಮೂರಿನ ವಿಡಿಯೊ’ ಎಂಬ ಹಲವು ಫಾರ್ವರ್ಡ್‌ಗಳ ಬುಡದಲ್ಲಿ ಇದೇ ಗೊಂದಲ ಇರುತ್ತದೆ.

ಚಿಕ್ಕ ಉತ್ತರ ಇದು: ಹೆಸರು ಬರೀ ಚೀಟಿ. ಚೀಟಿ ಬದಲಾಗಬಹುದು, ಒಂದೇ ಚೀಟಿ ಇಬ್ಬರಿಗೆ ಇರಬಹುದು, ಒಬ್ಬರಿಗೇ ನಾಲ್ಕು ಚೀಟಿ ಇರಬಹುದು. ಹಾಗಾಗಿ ಒಳ್ಳೆಯ ಡೇಟಾ ವ್ಯವಸ್ಥೆ ಹೆಸರನ್ನು ನಂಬಿ ಲೆಕ್ಕ ಹಾಕುವುದಿಲ್ಲ. ಯಾವುದರ ಹೆಸರು, ಯಾವ ಕಾಲದ್ದು, ಅದರ ಸಂಕೇತ ಸಂಖ್ಯೆ ಏನು ಎಂದು ಕೇಳುತ್ತದೆ. ಶೇರ್ ಮಾಡುವ ಮುನ್ನ ನಾವೂ ಅದನ್ನೇ ಕೇಳಬಹುದು. ವಿವರ ಮುಂದೆ ಇದೆ.

ಒಂದೇ ಊರು, ಕೇಳುವವರಿಗೆ ತಕ್ಕ ಉತ್ತರ

ಗುರುಮಠಕಲ್ ಪಟ್ಟಣವನ್ನೇ ತೆಗೆದುಕೊಳ್ಳೋಣ. ಇದು ಯಾವುದಕ್ಕೆ ಸೇರಿದ್ದು?

- 2001ರ ಜನಗಣತಿಯಲ್ಲಿ: ಗುಲಬರ್ಗಾ ಜಿಲ್ಲೆ, ಯಾದಗಿರಿ ತಾಲ್ಲೂಕು.
- 2011ರ ಜನಗಣತಿಯಲ್ಲಿ: ಯಾದಗಿರಿ ಜಿಲ್ಲೆ, ಯಾದಗಿರಿ ತಾಲ್ಲೂಕು.
- ಈಗಿನ ಕಂದಾಯ ದಾಖಲೆಯಲ್ಲಿ: ಯಾದಗಿರಿ ಜಿಲ್ಲೆ, ಗುರುಮಠಕಲ್ ತಾಲ್ಲೂಕು. ಹುಣಸಗಿ, ವಡಗೇರಾ ಜೊತೆಗೆ ಇದೂ ಹೊಸ ತಾಲ್ಲೂಕಾಯಿತು.
- ಲೋಕಸಭೆ ಚುನಾವಣೆಯಲ್ಲಿ: ಗುಲಬರ್ಗಾ ಕ್ಷೇತ್ರ. ಇದೇ ಜಿಲ್ಲೆಯ ಯಾದಗಿರಿ, ಶಹಾಪುರ, ಸುರಪುರ ವಿಧಾನಸಭಾ ಕ್ಷೇತ್ರಗಳು ಮಾತ್ರ ರಾಯಚೂರು ಲೋಕಸಭಾ ಕ್ಷೇತ್ರದಲ್ಲಿವೆ.
- ಅಂಚೆಯಲ್ಲಿ: 585ರಿಂದ ಶುರುವಾಗುವ ಪಿನ್ ಕೋಡ್. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳ ಪಿನ್‌ಗಳು ಹೀಗೇ ಶುರುವಾಗುತ್ತವೆ.
- ವಾಹನ ನೋಂದಣಿಯಲ್ಲಿ: ಕೆಎ-33, ಅಂದರೆ ಯಾದಗಿರಿ. ಕಲಬುರಗಿಯದು ಕೆಎ-32.

ಇವುಗಳಲ್ಲಿ ಒಂದೂ ತಪ್ಪಲ್ಲ. ಪ್ರತಿ ಇಲಾಖೆಯೂ ತನ್ನ ಕೆಲಸಕ್ಕೆ ತಕ್ಕಂತೆ ನಕ್ಷೆಯನ್ನು ಬೇರೆ ಬೇರೆ ರೀತಿ ಕತ್ತರಿಸಿಕೊಂಡಿದೆ. ಕಂದಾಯದ ಗಡಿ ಒಂದು, ಮತದ ಗಡಿ ಇನ್ನೊಂದು, ಅಂಚೆಯ ಗಡಿ ಮತ್ತೊಂದು. ತಪ್ಪಾಗುವುದು ಒಂದು ಗಡಿಯ ಅಂಕಿಯನ್ನು ಇನ್ನೊಂದು ಗಡಿಯ ಅಂಕಿಗೆ ಅಂಟಿಸಿದಾಗ. ‘ಯಾದಗಿರಿ ಜಿಲ್ಲೆಯ ಮತದಾರರೆಲ್ಲ ರಾಯಚೂರು ಸಂಸದರನ್ನು ಆರಿಸುತ್ತಾರೆ’ ಎಂದು ಬರೆದರೆ ಗುರುಮಠಕಲ್‌ನವರು ಬಿಟ್ಟುಹೋಗುತ್ತಾರೆ. ‘ಪಿನ್ 585 ಎಂದರೆ ಕಲಬುರಗಿ ಜಿಲ್ಲೆ’ ಎಂದು ಕಂಪ್ಯೂಟರ್‌ಗೆ ಹೇಳಿಕೊಟ್ಟರೆ ಬೀದರಿನ ವಿಳಾಸಗಳೂ ಕಲಬುರಗಿಗೆ ಹೋಗಿ ಕೂರುತ್ತವೆ.

ಕಾಲದ ಲೆಕ್ಕವೂ ಇದೆ. ಮಲ್ಲಿಕಾರ್ಜುನ ಖರ್ಗೆ ಅವರು 1972ರಿಂದ 2004ರವರೆಗಿನ ಚುನಾವಣೆಗಳಲ್ಲಿ ಗುರುಮಠಕಲ್ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿದ್ದರು. ಆಗ ಕ್ಷೇತ್ರ ಇದ್ದುದು ಗುಲಬರ್ಗಾ ಜಿಲ್ಲೆಯಲ್ಲಿ. 1972ರ ಫಲಿತಾಂಶದ ಪಟ್ಟಿಯಲ್ಲಿ ‘ಯಾದಗಿರಿ ಜಿಲ್ಲೆ’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಹಾಗೆಯೇ 1995ರಲ್ಲಿ ಗುರುಮಠಕಲ್‌ನಲ್ಲಿ ಹುಟ್ಟಿದವರ ಹಳೆಯ ದಾಖಲೆಯಲ್ಲಿ ‘ಗುಲಬರ್ಗಾ ಜಿಲ್ಲೆ’ ಎಂದಿದ್ದರೆ ಅದು ತಪ್ಪಲ್ಲ. ಆ ದಿನಕ್ಕೆ ಅದೇ ಸರಿ.

ಗಡಿಯಾಚೆಯೂ ಇದೇ ಕಥೆ. ಪಕ್ಕದ ನಾರಾಯಣಪೇಟ 2014ರ ಜೂನ್ 2ರವರೆಗೆ ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಯಲ್ಲಿತ್ತು. ಆ ದಿನದಿಂದ ತೆಲಂಗಾಣ. 2019ರ ಫೆಬ್ರುವರಿಯಿಂದ ಅದೇ ಒಂದು ಜಿಲ್ಲೆ. ಊರು ಇದ್ದಲ್ಲೇ ಇದೆ, ಅದರ ಮೇಲಿನ ರಾಜ್ಯ, ಜಿಲ್ಲೆಗಳ ಹೆಸರು ಮಾತ್ರ ಬದಲಾದವು.

ಹೆಸರು ಒಂದೇ, ಊರು ಬೇರೆ

ಶಹಾಪುರ ಎಂದರೆ ನಮ್ಮ ಕಡೆಯವರಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಊರು. ಬೆಳಗಾವಿಯವರಿಗೆ ಅದು ನಗರದೊಳಗಿನ ಒಂದು ಪ್ರದೇಶ. ಮಹಾರಾಷ್ಟ್ರದ ಠಾಣೆ ಜಿಲ್ಲೆಯಲ್ಲಿ ಶಹಾಪುರ ಎಂಬ ತಾಲ್ಲೂಕೇ ಇದೆ. ಉತ್ತರ ಭಾರತದಲ್ಲೂ ಈ ಹೆಸರಿನ ಊರುಗಳಿವೆ. ‘ಶಹಾಪುರದಲ್ಲಿ ಹೀಗಾಯಿತು ನೋಡಿ’ ಎಂಬ ಬರಹದೊಂದಿಗೆ ಬರುವ ವಿಡಿಯೊ ಯಾವ ಶಹಾಪುರದ್ದು ಎಂದು ಹೆಸರಿನಿಂದ ಗೊತ್ತಾಗುವುದಿಲ್ಲ. ಅಂಗಡಿಯ ಬೋರ್ಡಿನ ಭಾಷೆ, ವಾಹನದ ನಂಬರ್ ಪ್ಲೇಟ್, ಬಸ್ಸಿನ ಬಣ್ಣ ನೋಡಿದರೆ ಒಂದಿಷ್ಟು ಸುಳಿವು ಸಿಗುತ್ತದೆ.

ಹೋಲುವ ಹೆಸರುಗಳು ಇನ್ನೂ ಅಪಾಯ. ಶಹಾಪುರ ಯಾದಗಿರಿ ಜಿಲ್ಲೆಯಲ್ಲಿದೆ, ಕಲ್ಲಿಗೆ ಹೆಸರಾದ ಶಹಾಬಾದ್ ಕಲಬುರಗಿ ಜಿಲ್ಲೆಯಲ್ಲಿದೆ. ಕಾಗುಣಿತ ತಪ್ಪಿದ್ದರೂ ಹತ್ತಿರದ ಹೆಸರನ್ನು ತಾನೇ ಊಹಿಸಿಕೊಳ್ಳುವ ತಂತ್ರಾಂಶಗಳಿವೆ. ಎರಡು ಊರುಗಳೂ ಒಂದೇ ಭಾಗದವು, ಹೆಸರಿನ ಮೊದಲರ್ಧವೂ ಒಂದೇ. ಇಂಥ ಕಡೆ ಯಂತ್ರದ ಊಹೆಯನ್ನು ಮನುಷ್ಯರು ಒಮ್ಮೆ ನೋಡದೆ ಬಿಡಬಾರದು.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಹೊಂದುವಂತೆ ಬದಲಾಯಿತು. ಗುಲಬರ್ಗಾ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಆದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲೇ ಒಂದು ವಿಜಯಪುರ ಪಟ್ಟಣ ಇತ್ತು. ಅಲ್ಲಿಯವರೆಗೆ ಬೇರೆ ಬೇರೆ ಇದ್ದ ಎರಡು ಹೆಸರು ಆ ದಿನದಿಂದ ಒಂದೇ ಆದವು.

ಹೆಸರು ಬದಲಾದರೂ ಎಲ್ಲ ಕಡೆ ಬದಲಾಗುವುದಿಲ್ಲ ಎನ್ನುವುದನ್ನೂ ಗಮನಿಸಿ. ನಗರ ಕಲಬುರಗಿಯಾಯಿತು. ಲೋಕಸಭಾ ಕ್ಷೇತ್ರದ ಹೆಸರು ಗುಲಬರ್ಗಾ ಎಂದೇ ಉಳಿಯಿತು, ವಿಶ್ವವಿದ್ಯಾಲಯವೂ ಗುಲಬರ್ಗಾ ವಿಶ್ವವಿದ್ಯಾಲಯವೇ. ನಮಗೆ ಕರೆಂಟು ಕೊಡುವ ಜೆಸ್ಕಾಂನ ಪೂರ್ತಿ ಹೆಸರಿನಲ್ಲಿ ಇಂದಿಗೂ ಗುಲಬರ್ಗಾ ಇದೆ. ಹಾಗಾಗಿ ಒಂದು ಫೈಲಿನಲ್ಲಿ ಕಂಡ ‘ಗುಲಬರ್ಗಾ’ವನ್ನೆಲ್ಲ ಹುಡುಕಿ ‘ಕಲಬುರಗಿ’ ಎಂದು ಒಂದೇ ಏಟಿಗೆ ಬದಲಿಸಿದರೆ, ಇಲ್ಲದ ಕ್ಷೇತ್ರ, ಇಲ್ಲದ ಕಂಪನಿ ಹುಟ್ಟಿಕೊಳ್ಳುತ್ತವೆ.

ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ

ಗುರುಮಠಕಲ್ ಅನ್ನು ಕೆಲವರು ಗುರುಮಿಠಕಲ್ ಎಂದು ಬರೆಯುತ್ತಾರೆ. ಇಂಗ್ಲಿಷ್ ದಾಖಲೆಗಳಲ್ಲಿ ಗುರ್ಮಿಟ್ಕಲ್, ಗುರುಮಿಟ್ಕಲ್, ಗುರ್ಮಟ್ಕಲ್ ಎಂದೆಲ್ಲ ಓದಿಸಿಕೊಳ್ಳುವ ಕಾಗುಣಿತಗಳಿವೆ. ಸುರಪುರವನ್ನು ಬ್ರಿಟಿಷರ ಕಾಲದಿಂದ ಶೋರಾಪುರ ಎಂದು ಬರೆದು ರೂಢಿ, ಚುನಾವಣಾ ಆಯೋಗದ ಇಂಗ್ಲಿಷ್ ಪಟ್ಟಿಯಲ್ಲಿ ಈಗಲೂ ಅದೇ ಇದೆ. ಓದುವವರಿಗೆ ಇದು ಸುರಪುರವೇ ಎಂದು ಗೊತ್ತು. ಕಂಪ್ಯೂಟರ್‌ಗೆ ಗೊತ್ತಿಲ್ಲ. ಅದಕ್ಕೆ ಒಂದಕ್ಷರ ಬೇರೆಯಾದರೂ ಬೇರೆ ಊರು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಅದು ಕಣ್ಣಿಗೆ ಕಾಣುವುದೇ ಇಲ್ಲ. ‘ಶೋರಾಪುರ’ದ ‘ಶೋ’ ಅಕ್ಷರದ ದೀರ್ಘ ಸ್ವರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ತುಂಡು ತುಂಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ‘ಗುರುಮಠಕಲ್‌ನಲ್ಲಿ’ ಎಂದು ಬರೆಯುವಾಗ ‘ಲ್’ ಮತ್ತು ‘ನ’ ಸೇರಿ ಒತ್ತಕ್ಷರ ಆಗದಿರಲಿ ಎಂದು ನಡುವೆ ಕಾಣದ ಒಂದು ಸಂಕೇತ ಹಾಕುತ್ತೇವೆ. ‘ನಲ್ಲಿ’ಯನ್ನು ಅಳಿಸಿದಾಗ ಆ ಕಾಣದ ಸಂಕೇತ ಹಿಂದೆ ಉಳಿದುಬಿಡಬಹುದು. ಆಗ ಎರಡು ‘ಗುರುಮಠಕಲ್’ ಹುಟ್ಟುತ್ತವೆ, ಪಟ್ಟಿಯಲ್ಲಿ ಎರಡು ಸಾಲಾಗಿ ಕೂರುತ್ತವೆ. ಯೂನಿಕೋಡ್ ಬರುವ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಂತೂ ಪರಿವರ್ತನೆ ಮಾಡದೆ ಹುಡುಕಾಟಕ್ಕೇ ಸಿಗುವುದಿಲ್ಲ.

ಫಲಿತಾಂಶ ಏನು? ‘ಗುರುಮಠಕಲ್‌ನಿಂದ ಎಷ್ಟು ಅರ್ಜಿ ಬಂದಿವೆ’ ಎಂದು ಕೇಳಿದರೆ ಯಂತ್ರ ಒಂದು ಕಾಗುಣಿತದ್ದನ್ನಷ್ಟೇ ಎಣಿಸಿ ಹೇಳುತ್ತದೆ. ಉಳಿದವರು ಪಟ್ಟಿಯಲ್ಲಿದ್ದೂ ಲೆಕ್ಕಕ್ಕಿಲ್ಲ.

ಬ್ರ್ಯಾಂಡ್ ಬೇರೆ, ಕಂಪನಿ ಬೇರೆ, ಕಾರ್ಖಾನೆ ಬೇರೆ

ಈಗ ಅಂಗಡಿಗೆ ಬರೋಣ. ‘ಪಾರ್ಲೆ’ ಎಂಬ ಹೆಸರು ಮೊದಲು ಒಂದು ಜಾಗದ್ದು, ಮುಂಬೈಯ ವಿಲೆ ಪಾರ್ಲೆ. ಅಲ್ಲಿ 1929ರಲ್ಲಿ ಶುರುವಾದ ಕಂಪನಿಗೆ ಆ ಹೆಸರು ಬಂತು. ಕಂಪನಿಯಿಂದ ಬಿಸ್ಕತ್ತಿಗೂ ಬಂತು. ಮುಂದೆ ಕುಟುಂಬದ ವ್ಯವಹಾರ ಪಾಲಾಯಿತು. ಈಗ ಪಾರ್ಲೆ-ಜಿ ಬಿಸ್ಕತ್ತು ಮಾಡುವುದು ಪಾರ್ಲೆ ಪ್ರಾಡಕ್ಟ್ಸ್, ಫ್ರೂಟಿ ಮಾಡುವುದು ಪಾರ್ಲೆ ಆಗ್ರೊ. ಇವೆರಡೂ ಬೇರೆ ಬೇರೆ ಕಂಪನಿಗಳು. ಅದೇ ಕುಟುಂಬದ ಕೈಯಲ್ಲಿದ್ದ ಥಮ್ಸ್ ಅಪ್ 1993ರಲ್ಲಿ ಕೋಕಾ-ಕೋಲಾ ಪಾಲಾಯಿತು. ‘ಪಾರ್ಲೆ ಕಂಪನಿ ಹೀಗೆ ಮಾಡಿದೆ’ ಎಂಬ ಸಂದೇಶ ಬಂದರೆ ಮೊದಲು ಕೇಳಬೇಕಾದ್ದು ‘ಯಾವ ಪಾರ್ಲೆ?’ ಎಂದು.

ಒಂದು ಪೊಟ್ಟಣದ ಹಿಂದೆ ಕನಿಷ್ಠ ನಾಲ್ಕು ಸಂಗತಿಗಳಿರುತ್ತವೆ: ಬ್ರ್ಯಾಂಡ್‌ನ ಹೆಸರು, ಆ ಬ್ರ್ಯಾಂಡ್‌ನ ಒಡೆಯರು, ತಯಾರಿಸಿದವರು, ತಯಾರಾದ ಜಾಗ. ನಮ್ಮ ಮನೆಯ ಹಾಲಿನ ಪ್ಯಾಕೆಟ್ ನೋಡಿ. ‘ನಂದಿನಿ’ ಬ್ರ್ಯಾಂಡ್. ಅದು ಕರ್ನಾಟಕ ಹಾಲು ಮಹಾಮಂಡಳದ್ದು, ಅಂದರೆ ಕೆಎಂಎಫ್‌ನದು. ಕೆಎಂಎಫ್ ಖಾಸಗಿ ಕಂಪನಿ ಅಲ್ಲ, ಸಹಕಾರ ಸಂಸ್ಥೆ. ನಮ್ಮ ಭಾಗದಲ್ಲಿ ರೈತರಿಂದ ಹಾಲು ಪಡೆಯುವುದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಾಲು ಒಕ್ಕೂಟ. ಬೇರೆ ಕಡೆ ಬೇರೆ ಒಕ್ಕೂಟಗಳಿವೆ. ಒಂದು ಡೇರಿಯ ಒಂದು ದಿನದ ಹಾಲಿನಲ್ಲಿ ದೋಷ ಕಂಡರೆ ಅದನ್ನು ‘ನಂದಿನಿ’ ಎಂಬ ಒಂದೇ ಸಾಲಿನಲ್ಲಿ ದಾಖಲಿಸಿದರೆ ರಾಜ್ಯದ ಎಲ್ಲ ಒಕ್ಕೂಟಗಳ ಮೇಲೂ ಅನುಮಾನ ಬರುತ್ತದೆ. ಯಾವ ಡೇರಿ, ಯಾವ ದಿನಾಂಕದ ಪ್ಯಾಕೆಟ್ ಎಂದು ದಾಖಲಿಸಿದರೆ ಮಾತ್ರ ದೋಷ ಎಲ್ಲಿ ಆಯಿತು ಎಂದು ಹಿಡಿಯಬಹುದು.

ಹೆಸರಿನೊಳಗಿನ ಊರನ್ನೂ ವಿಳಾಸ ಎಂದುಕೊಳ್ಳಬಾರದು. ಮೈಸೂರು ಸ್ಯಾಂಡಲ್ ಸೋಪಿನ ಒಡೆತನ ರಾಜ್ಯ ಸರ್ಕಾರದ ಕೆಎಸ್‌ಡಿಎಲ್ ಸಂಸ್ಥೆಯದು, ಸೋಪಿನ ಕಾರ್ಖಾನೆ ಬೆಂಗಳೂರಿನಲ್ಲಿದೆ. ಹೆಸರಿನೊಳಗಿನ ದೇಶವೂ ಹಾಗೆಯೇ. ಹಿಂದೂಸ್ತಾನ್ ಯೂನಿಲಿವರ್ ಕಂಪನಿಯ ಹೆಸರಲ್ಲಿ ಹಿಂದೂಸ್ತಾನ ಇದೆ, ಬಹುಪಾಲು ಷೇರು ಬ್ರಿಟನ್ನಿನ ಯೂನಿಲಿವರ್ ಬಳಿ ಇದೆ. ಜಾಗ್ವಾರ್ ಎಂಬ ಇಂಗ್ಲೆಂಡಿನ ಕಾರು 2008ರಲ್ಲಿ ನಮ್ಮ ಟಾಟಾ ಮೋಟಾರ್ಸ್ ಪಾಲಾಯಿತು.

ಬಾರ್‌ಕೋಡ್ ನೋಡಿ ದೇಶ ಹೇಳಬಹುದೇ?

‘ಬಾರ್‌ಕೋಡ್ 690ರಿಂದ ಶುರುವಾದರೆ ಚೀನಾದ ಮಾಲು, 890ರಿಂದ ಶುರುವಾದರೆ ಭಾರತದ್ದು. ಇದನ್ನು ನೋಡಿಯೇ ಖರೀದಿಸಿ’ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಇದು ಅರ್ಧ ಸತ್ಯ, ಅದಕ್ಕೇ ನಂಬುವುದು ಸುಲಭ.

ಬಾರ್‌ಕೋಡ್ ಸಂಖ್ಯೆಗಳನ್ನು ಜಗತ್ತಿನಾದ್ಯಂತ ಹಂಚುವುದು ಜಿಎಸ್1 ಎಂಬ ಸಂಸ್ಥೆ. ಅದಕ್ಕೆ ದೇಶ ದೇಶಗಳಲ್ಲಿ ಶಾಖೆಗಳಿವೆ. 890 ಎಂಬುದು ಭಾರತದ ಶಾಖೆಯ ಸಂಖ್ಯೆ, 690ರಿಂದ 699 ಚೀನಾದ ಶಾಖೆಯವು. ಇಷ್ಟು ನಿಜ. ಆದರೆ ಆ ಅಂಕಿ ಹೇಳುವುದು ಕಂಪನಿ ಯಾವ ಶಾಖೆಯಲ್ಲಿ ನೋಂದಣಿ ಮಾಡಿಸಿ ಸಂಖ್ಯೆ ಪಡೆಯಿತು ಎಂಬುದನ್ನು ಮಾತ್ರ. ವಸ್ತು ಎಲ್ಲಿ ತಯಾರಾಯಿತು ಎಂದು ಅದು ಹೇಳುವುದಿಲ್ಲ. ಇದನ್ನು ಜಿಎಸ್1 ಸಂಸ್ಥೆಯೇ ಸ್ಪಷ್ಟಪಡಿಸಿದೆ. ಭಾರತದಲ್ಲಿ ನೋಂದಾಯಿಸಿದ ಕಂಪನಿ ಹೊರದೇಶದಲ್ಲಿ ವಸ್ತು ಮಾಡಿಸಿ ತಂದರೂ ಅದರ ಮೇಲೆ 890 ಇರಬಹುದು. ಬೇರೆ ದೇಶದಲ್ಲಿ ನೋಂದಾಯಿಸಿದ ಕಂಪನಿಯ ವಸ್ತು ನಮ್ಮಲ್ಲೇ ತಯಾರಾದರೂ ಬೇರೆ ಅಂಕಿ ಇರಬಹುದು.

ಇದು ಗುಲಬರ್ಗಾ ಜನಸಂಖ್ಯೆಯ ತಪ್ಪಿನ ಅಣ್ಣತಮ್ಮ. ಅಲ್ಲಿ ಒಂದು ಕಾಲದ ಹೆಸರನ್ನು ಇನ್ನೊಂದು ಕಾಲಕ್ಕೆ ಅಂಟಿಸಿದರು, ಇಲ್ಲಿ ನೋಂದಣಿಯ ಜಾಗವನ್ನು ತಯಾರಿಕೆಯ ಜಾಗ ಎಂದುಕೊಂಡರು. ವಸ್ತು ಎಲ್ಲಿಯದು ಎಂದು ತಿಳಿಯಲು ಪೊಟ್ಟಣದ ಮೇಲಿನ ಅಕ್ಷರ ಓದಬೇಕು. ಪ್ಯಾಕೆಟ್ ಮಾಡಿ ಮಾರುವ ವಸ್ತುಗಳ ಮೇಲೆ ತಯಾರಕರ, ಪ್ಯಾಕ್ ಮಾಡಿದವರ ಅಥವಾ ಆಮದುದಾರರ ಹೆಸರು, ವಿಳಾಸ ಹಾಕುವುದು ಕಾನೂನಿನ ಪ್ರಕಾರ ಕಡ್ಡಾಯ. ಆಮದು ಮಾಡಿದ್ದಾದರೆ ಯಾವ ದೇಶದ್ದು ಎಂದೂ ಹಾಕಬೇಕು.

ಹೆಸರು ಬದಲಾವಣೆ, ವಿಲೀನ, ಮಾರಾಟ: ಮೂರೂ ಒಂದೇ ಅಲ್ಲ

ಕಂಪನಿಗಳ ದಾಖಲೆ ಇಡುವವರಿಗೆ ಹೆಚ್ಚು ತೊಂದರೆ ಕೊಡುವುದು ಈ ಮೂರು.

ಮೊದಲನೆಯದು, ಬರೀ ಹೆಸರು ಬದಲಾವಣೆ. ನಮ್ಮ ಭಾಗದ ಬಸ್ಸುಗಳ ಮೇಲೆ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂದಿರುತ್ತಿತ್ತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವಾಯಿತು. ಅದೇ ಬಸ್ಸು, ಅದೇ ನೌಕರರು, ಅದೇ ಸಂಸ್ಥೆ. ಇಲ್ಲಿ ಹಳೆಯದನ್ನೂ ಹೊಸದನ್ನೂ ಎರಡು ಸಂಸ್ಥೆ ಎಂದು ಎಣಿಸಿದರೆ ತಪ್ಪು.

ಎರಡನೆಯದು, ವಿಲೀನ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1941ರಲ್ಲಿ ಶುರುವಾದ ಬ್ಯಾಂಕು ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ ನಮ್ಮ ಕಡೆಯ ಊರೂರಲ್ಲಿ ಶಾಖೆ ಹೊಂದಿತ್ತು. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ಇಲ್ಲಿ ಒಂದು ಸಂಸ್ಥೆ ಮುಗಿದೇ ಹೋಯಿತು. ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಉದ್ದ. ಗುಲಬರ್ಗಾದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಯಿತು. 2019ರ ಏಪ್ರಿಲ್‌ನಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಬಂತು. ಊರಿನ ಶಾಖೆ ಅದೇ ಇದ್ದರೂ ಹಿರಿಯರ ಪೆಟ್ಟಿಗೆಯಲ್ಲಿರುವ ಪಾಸ್‌ಬುಕ್‌ಗಳ ಮೇಲೆ ಬೇರೆ ಬೇರೆ ಹೆಸರು ಕಾಣುವುದು ಇದಕ್ಕೇ.

ಮೂರನೆಯದು, ಬ್ರ್ಯಾಂಡ್‌ನ ಒಡೆಯರು ಬದಲಾಗುವುದು. ಹಾರ್ಲಿಕ್ಸ್ ಬಾಟಲಿ ಅದೇ, ರುಚಿ ಅದೇ. 2020ರ ಏಪ್ರಿಲ್‌ನಲ್ಲಿ ಅದರ ಭಾರತದ ವ್ಯವಹಾರ ಗ್ಲಾಕ್ಸೋಸ್ಮಿತ್‌ಕ್ಲೈನ್ ಗುಂಪಿನಿಂದ ಹಿಂದೂಸ್ತಾನ್ ಯೂನಿಲಿವರ್‌ಗೆ ಹೋಯಿತು. 2018ರ ಸುದ್ದಿಯನ್ನು ಇಂದು ಹಂಚಿ ‘ಹಾರ್ಲಿಕ್ಸ್ ಕಂಪನಿ’ ಎಂದರೆ ಓದುವವರು ಬೇರೆಯದೇ ಕಂಪನಿಯನ್ನು ನೆನೆಯುತ್ತಾರೆ.

ಡೇಟಾ ವೇದಿಕೆಗಳು ಇದನ್ನು ಹೇಗೆ ನಿಭಾಯಿಸುತ್ತವೆ?

ಲಕ್ಷಾಂತರ ಊರು, ಕಂಪನಿಗಳ ದಾಖಲೆ ಇಡುವ ವೇದಿಕೆಗಳು ಸಾಮಾನ್ಯವಾಗಿ ಐದು ನಿಯಮ ಪಾಲಿಸುತ್ತವೆ.

1. ಹೆಸರಿನ ಬದಲು ಸಂಕೇತ ಸಂಖ್ಯೆ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶ, ಅಂದರೆ ಎಲ್‌ಜಿಡಿ, ದೇಶದ ಪ್ರತಿ ರಾಜ್ಯ, ಜಿಲ್ಲೆ, ಗ್ರಾಮ ಪಂಚಾಯಿತಿ, ಹಳ್ಳಿಗೂ ಒಂದೊಂದು ಸಂಖ್ಯೆ ಕೊಟ್ಟಿದೆ. ಯಾವ ಇಲಾಖೆ ಹೇಗೆ ಬರೆದರೂ ಸಂಖ್ಯೆ ಒಂದೇ. ಸ್ವಯಂಸೇವಕರು ಕಟ್ಟುವ ವಿಕಿಡೇಟಾದಲ್ಲಿ ಬೆಂಗಳೂರಿನ ಸಂಖ್ಯೆ ಕ್ಯೂ1355. ನೀವು ಬೆಂಗಳೂರು ಎನ್ನಿ, ಬ್ಯಾಂಗಲೋರ್ ಎನ್ನಿ, ಅದು ಬದಲಾಗದು.

2. ಎಲ್ಲ ಹೆಸರನ್ನೂ ಉಳಿಸಿಕೊಳ್ಳುವುದು. ಹಳೆಯ ಹೆಸರನ್ನು ಅಳಿಸುವುದಿಲ್ಲ. ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಒಂದು ಊರಿಗೆ ಈಗಿನ ಹೆಸರು, ಕನ್ನಡದ ಹೆಸರು, ಹಳೆಯ ಹೆಸರು, ಇನ್ನೊಂದು ಹೆಸರು ಎಂದು ಬೇರೆ ಬೇರೆ ಜಾಗ ಇದೆ. ಶೋರಾಪುರ ಎಂದು ಹುಡುಕಿದವರೂ ಸುರಪುರ ತಲುಪಬೇಕು ಎಂಬುದು ಉದ್ದೇಶ.

3. ಪಾತ್ರಗಳನ್ನು ಬೆರೆಸದಿರುವುದು. ಅದೇ ನಕ್ಷೆಯಲ್ಲಿ ಒಂದು ಪೆಟ್ರೋಲ್ ಬಂಕಿಗೆ ‘ಬ್ರ್ಯಾಂಡ್’ ಬೇರೆ, ‘ನಡೆಸುವವರು’ ಬೇರೆ. ಬೋರ್ಡು ತೈಲ ಕಂಪನಿಯದು, ನಡೆಸುವವರು ಸ್ಥಳೀಯ ಡೀಲರ್ ಆಗಿರಬಹುದು.

4. ದಿನಾಂಕ ಹಾಕುವುದು. ‘ಯಾದಗಿರಿ ಜಿಲ್ಲೆಯಲ್ಲಿದೆ’ ಎಂದಷ್ಟೇ ಅಲ್ಲ, ‘ಯಾವಾಗಿನಿಂದ’ ಎಂಬುದನ್ನೂ ಬರೆಯುವುದು.

5. ಒಂದೇ ಊರನ್ನು ಹಲವು ಗುಂಪಿಗೆ ಸೇರಿಸಲು ಬಿಡುವುದು. ಕಂದಾಯ, ಚುನಾವಣೆ, ಅಂಚೆ ಮೂರೂ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವುದಿಲ್ಲ.

ಸಂಕೇತ ಸಂಖ್ಯೆಯೂ ಪವಾಡವಲ್ಲ. ಕಂಪನಿಗಳಿಗೆ ಸರ್ಕಾರ ಕೊಡುವ 21 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆಯೊಳಗೆ ರಾಜ್ಯದ ಗುರುತು, ಸ್ಥಾಪನೆಯ ವರ್ಷ, ಷೇರುಪೇಟೆಯಲ್ಲಿ ಇದೆಯೋ ಇಲ್ಲವೋ ಎಂಬ ಮಾಹಿತಿ ಸೇರಿರುತ್ತದೆ. ಕಂಪನಿ ತನ್ನ ನೋಂದಾಯಿತ ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ದರೆ ಆ ಸಂಖ್ಯೆಯೇ ಬದಲಾಗುತ್ತದೆ. ಬ್ಯಾಂಕ್ ಶಾಖೆಯ ಐಎಫ್‌ಎಸ್‌ಸಿಯ ಮೊದಲ ನಾಲ್ಕು ಅಕ್ಷರ ಬ್ಯಾಂಕಿನ ಗುರುತು. ಬ್ಯಾಂಕು ವಿಲೀನವಾದಾಗ ಅದೂ ಬದಲಾಗುತ್ತದೆ. ಅದಕ್ಕೇ ವಿಕಿಡೇಟಾದಂಥ ವೇದಿಕೆಗಳು ಬೇಕೆಂದೇ ಅರ್ಥವಿಲ್ಲದ ಸಂಖ್ಯೆ ಕೊಡುತ್ತವೆ. ಅದರೊಳಗೆ ಯಾವ ಮಾಹಿತಿಯೂ ಇಲ್ಲ, ಹಾಗಾಗಿ ಹಳತಾಗುವಂಥದ್ದೂ ಇಲ್ಲ.

ತಪ್ಪಾದರೆ ನಷ್ಟ ಯಾರಿಗೆ?

ಇದು ಕಂಪ್ಯೂಟರ್ ಕೆಲಸದವರ ತಲೆನೋವು ಎನಿಸಬಹುದು. ಆದರೆ ಬಿಸಿ ತಟ್ಟುವುದು ನಮಗೇ.

ಫಸಲ್ ಬಿಮಾ ಬೆಳೆ ವಿಮೆಯಲ್ಲಿ ಇಳುವರಿ ನಷ್ಟವನ್ನು ಒಬ್ಬ ರೈತನ ಹೊಲ ನೋಡಿ ಲೆಕ್ಕ ಹಾಕುವುದಿಲ್ಲ, ಗ್ರಾಮ ಪಂಚಾಯಿತಿ ಅಥವಾ ಹೋಬಳಿಯ ಸರಾಸರಿ ಇಳುವರಿ ನೋಡುತ್ತಾರೆ. ತೊಗರಿ ಬೆಳೆದ ಹೊಲ ದಾಖಲೆಯಲ್ಲಿ ಪಕ್ಕದ ಪಂಚಾಯಿತಿಗೆ ಸೇರಿದ್ದರೆ, ಅಲ್ಲಿ ಬೆಳೆ ಚೆನ್ನಾಗಿದ್ದರೆ, ನಿಮ್ಮ ಹೊಲ ಒಣಗಿದ್ದರೂ ಪರಿಹಾರ ಸಿಗದೆ ಹೋಗಬಹುದು. ವಿಮೆ ಕಟ್ಟಿದ ರಸೀದಿಯಲ್ಲಿ ಊರು, ಪಂಚಾಯಿತಿ, ಹೋಬಳಿ ಸರಿಯಾಗಿದೆಯೇ ಎಂದು ಅಂದೇ ನೋಡುವುದು ಇದಕ್ಕೇ ಮುಖ್ಯ.

ಮುಚ್ಚಿಹೋದ ಬ್ಯಾಂಕಿನ ಹೆಸರು ವಂಚಕರಿಗೆ ಅನುಕೂಲ. ‘ನಿಮ್ಮ ಹಳೆಯ ಬ್ಯಾಂಕ್ ಖಾತೆಯ ಕೆವೈಸಿ ಬಾಕಿ ಇದೆ, ಲಿಂಕ್ ಒತ್ತಿ’ ಎಂದು ವಿಲೀನವಾಗಿ ವರ್ಷಗಳಾದ ಬ್ಯಾಂಕಿನ ಹೆಸರಲ್ಲಿ ಸಂದೇಶ ಬಂದರೆ ಅದನ್ನು ಕಳಿಸಿದ್ದು ಬ್ಯಾಂಕಲ್ಲ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ.

ತಪ್ಪು ಗುರುತಿನ ಬಹಿಷ್ಕಾರದ ಸಂದೇಶದಿಂದ ಏಟು ಬೀಳುವುದು ದೂರದ ಕಂಪನಿಗಿಂತ ಮೊದಲು ಊರಿನ ಕಿರಾಣಿ ಅಂಗಡಿಯವರಿಗೆ. ದುಡ್ಡು ಕೊಟ್ಟು ತಂದಿಟ್ಟ ಮಾಲು ಅವರ ಬಳಿಯೇ ಉಳಿಯುತ್ತದೆ.

ಫಾರ್ವರ್ಡ್ ಮಾಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

- ಯಾವ ಊರು? ಜಿಲ್ಲೆ, ರಾಜ್ಯದ ಹೆಸರಿಲ್ಲದೆ ಬರೀ ‘ಶಹಾಪುರ’, ‘ವಿಜಯಪುರ’ ಎಂದಿದ್ದರೆ ತಡೆಯಿರಿ.
- ಯಾವ ಕಾಲದ ಅಂಕಿ? ಎರಡು ವರ್ಷಗಳ ಹೋಲಿಕೆ ಇದ್ದರೆ ನಡುವೆ ಜಿಲ್ಲೆ, ತಾಲ್ಲೂಕು ಒಡೆದಿದೆಯೇ ಎಂದು ನೋಡಿ.
- ಯಾವ ಗಡಿ? ಜಿಲ್ಲೆಯದೋ, ಕ್ಷೇತ್ರದ್ದೋ, ಪಿನ್ ಕೋಡಿನದೋ?
- ಬ್ರ್ಯಾಂಡೋ ಕಂಪನಿಯೋ? ಪೊಟ್ಟಣದ ಹಿಂಭಾಗದಲ್ಲಿ ‘ತಯಾರಕರು’, ‘ಮಾರಾಟಗಾರರು’ ಎಂಬ ಸಾಲು ಓದಿ. ಬಾರ್‌ಕೋಡ್ ನೋಡಿ ದೇಶ ನಿರ್ಧರಿಸಬೇಡಿ.
- ಸಂಖ್ಯೆ ಏನಾದರೂ ಇದೆಯೇ? ಆಹಾರದ ಪ್ಯಾಕೆಟ್ ಮೇಲಿನ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬಿಲ್ಲಿನ ಮೇಲಿನ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆಯನ್ನು ಸರ್ಕಾರದ ಜಾಲತಾಣಗಳಲ್ಲಿ ಹಾಕಿ ಯಾರದ್ದೆಂದು ನೋಡಬಹುದು. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ್ದು: 29 ಎಂದರೆ ಕರ್ನಾಟಕ, 36 ಎಂದರೆ ತೆಲಂಗಾಣ. ಅದೂ ಮಾರಿದವರ ನೋಂದಣಿಯ ರಾಜ್ಯವೇ ಹೊರತು ವಸ್ತು ಹುಟ್ಟಿದ ಜಾಗವಲ್ಲ.
- ದೂರು ಇದ್ದರೆ ಬ್ರ್ಯಾಂಡ್ ಹೆಸರನ್ನಷ್ಟೇ ಬರೆಯಬೇಡಿ. ತಯಾರಕರ ವಿಳಾಸ, ಬ್ಯಾಚ್ ಸಂಖ್ಯೆ, ದಿನಾಂಕ ಸೇರಿಸಿ. ಗ್ರಾಹಕ ಸಹಾಯವಾಣಿ 1915.

ನಿಮ್ಮದೇ ದಾಖಲೆಗಳಲ್ಲೂ ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಸ್ವಸಹಾಯ ಸಂಘದ ಪಟ್ಟಿ, ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿ, ಅಂಗಡಿಯ ಸಾಲದ ಲೆಕ್ಕ ಯಾವುದೇ ಇರಲಿ, ಊರಿನ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡಲು ಬಿಡದೆ ಮೊದಲೇ ಒಂದು ಪಟ್ಟಿ ಮಾಡಿ ಅದರಿಂದ ಆರಿಸಿಕೊಳ್ಳಿ. ಹೆಸರಿನ ಪಕ್ಕದಲ್ಲಿ ತಾಲ್ಲೂಕು, ಜಿಲ್ಲೆ, ಪಿನ್ ಬರೆಯಿರಿ. ಪಟ್ಟಿ ಮಾಡಿದ ದಿನಾಂಕ ಹಾಕಿ.

ಗುಲಬರ್ಗಾ ಜಿಲ್ಲೆಯ 5.6 ಲಕ್ಷ ಜನ ಎಲ್ಲೂ ಹೋಗಿರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್‌ನ ಮನೆಗಳಲ್ಲೇ ಇದ್ದರು, ಅವರನ್ನು ಬೇರೆ ಹೆಸರಿನ ಸಾಲಿನಲ್ಲಿ ಎಣಿಸಲಾಗಿತ್ತು. ಹಾಗಾಗಿ ಮುಂದಿನ ಸಲ ಯಾವುದೋ ಅಂಕಿ ಏಕಾಏಕಿ ಏರಿದೆ, ಬಿದ್ದಿದೆ ಎಂಬ ಸಂದೇಶ ಬಂದರೆ ಗಾಬರಿಗೆ ಮೊದಲು ಒಂದು ಪ್ರಶ್ನೆ ಕೇಳಿ: ಎರಡೂ ಕಡೆ ಎಣಿಸಿದ್ದು ಒಂದನ್ನೇನಾ?